ಹಳೆ ಫಿಯೆಟ್ಟಿಗೆ ಹೊಸ ಸ್ಪ್ರಿಂಗ್ ಬೇಕೆ?

ಮುಂದಿನ ಮಡ್‌ಗಾರ್ಡಿನ ಮೇಲೆ ಎರಡೂ ಅಂಗೈ ಊರಿ, ಮೈಭಾರವನ್ನೆಲ್ಲ ಬಿಟ್ಟು ಕೆಳಕ್ಕೆ ಒತ್ತಿ ತಟ್ಟನೆ ಕೈ ತೆಗೆಯಬೇಕು. ಕಾರು ಮೇಲೆದ್ದು, ಒಮ್ಮೆ ಇಳಿದು, ಅಲ್ಲಿಗೆ ನಿಲ್ಲಬೇಕು. ನಮ್ಮ ಮನೆಯ 1979ರ ಪ್ರೀಮಿಯರ್ ಪದ್ಮಿನಿ ಆ ದಿನ ನಿಲ್ಲಲಿಲ್ಲ. ತೊಟ್ಟಿಲಿನ ಹಾಗೆ ಮೂರು, ನಾಲ್ಕು, ಐದು ಸಲ ತೂಗಿತು. ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ಕೇಳಿದರು: "ಸಾರ್, ಇದ್ದ ಹಾಗೇ ಮಾಡಿಕೊಡ್ಲಾ, ಇಲ್ಲ ಪೂರ್ತಿ ಅಪ್‌ಗ್ರೇಡ್ ಮಾಡಿಬಿಡೋಣ್ವಾ?"

ಹಳೆಯ ಕಾರು ಇಟ್ಟುಕೊಂಡ ಎಲ್ಲರಿಗೂ ಈ ಪ್ರಶ್ನೆ ಒಂದಲ್ಲ ಒಂದು ದಿನ ಎದುರಾಗುತ್ತದೆ. ನನಗೆ ಉತ್ತರ ಹೇಳಲು ಎರಡು ತಿಂಗಳು ಹಿಡಿಯಿತು. ಅಪ್ಪ ಬುಕ್ ಮಾಡಿ ವರ್ಷಗಟ್ಟಲೆ ಕಾದು ತಂದ ಕಾರು ಅದು. ಶಿವಮೊಗ್ಗದಿಂದ ತೀರ್ಥಹಳ್ಳಿಗೆ, ಆಗುಂಬೆಯಿಂದ ಕೆಳಗೆ ಉಡುಪಿಗೆ ನಾವು ಐದು ಜನ ಅದರಲ್ಲೇ ಓಡಾಡಿದ್ದು. ಹಾಗಾಗಿ ಒಂದು ಕಡೆಯ ಮಾತು ನನ್ನ ಮನಸ್ಸಿಗೆ ಸಹಜವಾಗಿಯೇ ಹತ್ತಿರ. ಇನ್ನೊಂದು ಕಡೆಯ ಮಾತನ್ನು ಆಡಿದವರು ನನ್ನ ಗೆಳೆಯರೊಬ್ಬರು, ಅಂಥದೇ ಪದ್ಮಿನಿಗೆ ಗಡಸು ಸ್ಪ್ರಿಂಗು ಹಾಕಿಸಿ ಸಸ್ಪೆನ್ಷನ್ ಪೂರ್ತಿ ಬದಲಾಯಿಸಿಕೊಂಡು ಮನೆಯವರನ್ನು ಕೂರಿಸಿಕೊಂಡು ಗೋವಾಕ್ಕೆ ಹೋಗಿಬಂದವರು. ಅವರ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ.

ಮೊದಲು ಕಾರಿನ ಕೆಳಗೆ ಏನಿದೆ ಎಂದು ನೋಡೋಣ. ಫಿಯೆಟ್ 1100 ಹೊಸ ರೂಪದಲ್ಲಿ ಇಟಲಿಯಲ್ಲಿ ಬಂದದ್ದು 1953ರಲ್ಲಿ. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಅದರ 1100ಡಿ ಮಾದರಿಯನ್ನು 1960ರ ದಶಕದಲ್ಲಿ ಕಟ್ಟತೊಡಗಿತು. ಎಪ್ಪತ್ತರ ದಶಕದಲ್ಲಿ ಅದೇ ಕಾರಿಗೆ ಪದ್ಮಿನಿ ಎಂಬ ಹೆಸರಾಯಿತು. 1089 ಸಿಸಿ ಎಂಜಿನ್, ಸುಮಾರು 40 ಅಶ್ವಶಕ್ತಿ. ಮುಂದಿನ ಎರಡು ಚಕ್ರಗಳಿಗೂ ಬೇರೆ ಬೇರೆ ವಿಶ್‌ಬೋನ್ ತೋಳುಗಳು, ಕಾಯಿಲ್ ಸ್ಪ್ರಿಂಗು, ಕಿಂಗ್‌ಪಿನ್ನು. ಹಿಂದೆ ಇಡೀ ಆಕ್ಸಲ್ ಒಂದೇ ತುಂಡು, ಅದನ್ನು ಹೊತ್ತದ್ದು ಲೀಫ್ ಸ್ಪ್ರಿಂಗು. ಗ್ಯಾರೇಜಿನಲ್ಲಿ ಅದಕ್ಕೆ ಪ್ಲೇಟು ಅನ್ನುತ್ತಾರೆ. ಆ ಕಾಲಕ್ಕೆ ಇದು ಚೆನ್ನಾಗಿ ಯೋಚಿಸಿ ಮಾಡಿದ ಸಸ್ಪೆನ್ಷನ್. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳಾಗಿ ಈ ಕಾರುಗಳು ಹೊತ್ತ ಭಾರ, ದಾಟಿದ ಮಳೆಗಾಲಗಳು ಎಷ್ಟೋ. 2023ರ ಅಕ್ಟೋಬರಿನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಹೊರಗೆ ಹೋದದ್ದು ಟ್ಯಾಕ್ಸಿಗಳಿಗಿದ್ದ 20 ವರ್ಷದ ಮಿತಿಯಿಂದ, ಸ್ಪ್ರಿಂಗ್ ಸೋತು ಅಲ್ಲ.

ಈಗ ಗೆಳೆಯರ ವಾದ. ಕಾರು ಹುಟ್ಟಿದ ರಸ್ತೆ ಈಗಿಲ್ಲ, ಅದು ಅವರ ಮೊದಲ ಮಾತು. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಕಾರುಗಳ ವೇಗದ ಮಿತಿ ಗಂಟೆಗೆ 100 ಕಿಲೋಮೀಟರ್. ನಾವು 65ರಲ್ಲಿ ಎಡಬದಿ ಹಿಡಿದು ಹೋದರೂ ಪಕ್ಕದಲ್ಲಿ ಬಸ್ಸು ಹಾದಾಗ ಅದರ ಗಾಳಿಗೆ ಕಾರು ಒಂದು ಮೊಳ ಸರಿಯುತ್ತದೆ. ಎದುರಿಗೆ ಏನಾದರೂ ಅಡ್ಡ ಬಂದು ಸ್ಟಿಯರಿಂಗ್ ತಟ್ಟನೆ ಎಳೆದರೆ ಮೈ ಒಂದು ಬದಿಗೆ ವಾಲಿ, ನೆಟ್ಟಗಾಗುವಷ್ಟರಲ್ಲಿ ಇನ್ನೊಂದು ಬದಿಗೆ ವಾಲುತ್ತದೆ. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದಾಗ ಪರಂಪರೆಯ ಮಾತು ಹಿಂದೆ ಸರಿಯುತ್ತದೆ ಎಂದು ಅವರು ಹೇಳಿದರೆ ಅದಕ್ಕೆ ನನ್ನಲ್ಲಿ ಎದುರುತ್ತರವಿಲ್ಲ.

ಎರಡನೆಯದು ಬಿಡಿಭಾಗದ್ದು. ಈ ಮಾತು ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿತು. 'ಒರಿಜಿನಲ್ ಹಾಕಿ' ಎಂದು ಹೇಳುವುದು ಸುಲಭ, ಒರಿಜಿನಲ್ ಎಲ್ಲಿದೆ? ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಅಟ್ಟದಿಂದ ಇಳಿಸಿಕೊಡುವ, ಹಳೆಯ ರಟ್ಟಿನ ಡಬ್ಬಿಯಲ್ಲಿರುವ ರಬ್ಬರ್ ಬುಷ್ಷು ಹೊಸದೇ ಇರಬಹುದು. ಆದರೆ ರಬ್ಬರಿಗೆ ಬಳಸಿದರೂ ವಯಸ್ಸಾಗುತ್ತದೆ, ಬಳಸದಿದ್ದರೂ ವಯಸ್ಸಾಗುತ್ತದೆ. ಮೂವತ್ತು ವರ್ಷ ಡಬ್ಬಿಯಲ್ಲಿ ಮಲಗಿದ್ದ ರಬ್ಬರು ಮೂರು ತಿಂಗಳಿಗೆ ಬಿರಿದರೆ ಆಶ್ಚರ್ಯವಿಲ್ಲ. ಶಾಕ್ ಅಬ್ಸಾರ್ಬರಿನ ಒಳಗಿನ ಸೀಲಿಗೂ ಅದೇ ಗತಿ. ಹಳೆಯ ಹೆಸರು ಅಂಟಿಸಿ ಮಾರುವ ಕಳಪೆ ನಕಲಿಗಿಂತ, ಅಳತೆಗೆ ಹೊಂದುವ ಈ ಕಾಲದ ಗ್ಯಾಸ್ ಶಾಕ್ ಹಾಕುವುದೇ ಕಾರಿಗೆ ಮಾಡುವ ಒಳ್ಳೆಯ ಕೆಲಸ ಅಲ್ಲವೆ? ಎಣ್ಣೆಯ ಜೊತೆ ಒತ್ತಡದ ನೈಟ್ರೋಜನ್ ಇರುವುದರಿಂದ ಹಳ್ಳಕೊಳ್ಳದ ದಾರಿಯಲ್ಲಿ ಬಿಡದೆ ಓಡಿದರೂ ಒಳಗಿನ ಎಣ್ಣೆ ಸುಲಭಕ್ಕೆ ನೊರೆಗಟ್ಟುವುದಿಲ್ಲ. ಎಣ್ಣೆ ನೊರೆಯಾದರೆ ಕವಾಟಗಳ ಹಿಡಿತ ತಪ್ಪುತ್ತದೆ, ಘಾಟಿಯ ಕೊನೆಯಲ್ಲಿ ಕಾರು ತೂಗಾಡತೊಡಗುವುದು ಆ ಕಾರಣಕ್ಕೆ.

ಅವರ ಮೂರನೆಯ ಮಾತಿನಲ್ಲಿ ಪ್ರೀತಿ ಇದೆ. ಓಡುವ ಕಾರಷ್ಟೇ ಉಳಿಯುತ್ತದೆ. ಶೆಡ್ಡಿನಲ್ಲಿ ನಿಂತ ಕಾರಿನ ಬ್ರೇಕ್ ಸಿಲಿಂಡರ್ ಅಂಟುತ್ತದೆ, ಟ್ಯಾಂಕು ತುಕ್ಕು ಹಿಡಿಯುತ್ತದೆ, ಇಲಿ ವೈರು ಕಡಿಯುತ್ತದೆ. ಗೆಳೆಯರ ಅಮ್ಮ ಸೊಂಟನೋವಿನಿಂದ ಅವರ ಪದ್ಮಿನಿ ಹತ್ತುವುದನ್ನೇ ಬಿಟ್ಟಿದ್ದರು, ಕೆಲಸ ಆದ ಮೇಲೆ ಮತ್ತೆ ಹತ್ತಿದರು. ಇದಕ್ಕಿಂತ ದೊಡ್ಡ ಸಮರ್ಥನೆ ಯಾವುದು ಬೇಕು?

ಇನ್ನು ಈ ಕಡೆಯ ಮಾತು.

ಸ್ಪ್ರಿಂಗಿಗೆ ತನ್ನದೇ ಲಯವಿದೆ. ಕಾರಿನ ಭಾರಕ್ಕೆ ಸ್ಪ್ರಿಂಗು ಎಷ್ಟು ಕುಗ್ಗಿ ನಿಲ್ಲುತ್ತದೆಯೋ ಅದರ ಮೇಲೆ ಕಾರು ಸೆಕೆಂಡಿಗೆ ಎಷ್ಟು ಸಲ ತೂಗುತ್ತದೆ ಎಂಬುದು ನಿರ್ಧಾರವಾಗುತ್ತದೆ. ಸುಮಾರು 25 ಸೆಂಟಿಮೀಟರ್ ಕುಗ್ಗಿದರೆ ಸೆಕೆಂಡಿಗೆ ಒಂದು ತೂಗು, 11 ಸೆಂಟಿಮೀಟರ್ ಕುಗ್ಗಿದರೆ ಒಂದೂವರೆ. ಮನುಷ್ಯ ನಿಧಾನವಾಗಿ ನಡೆಯುವಾಗ ಮೈ ಏರಿಳಿಯುವ ಲಯವೂ ಹೆಚ್ಚುಕಡಿಮೆ ಈ ಆಸುಪಾಸಿನದೇ. ಅದು ಮೈಗೆ ಹುಟ್ಟಿನಿಂದ ಗೊತ್ತಿರುವ ಲಯ. ಸ್ಪ್ರಿಂಗಿನ ಗಡಸುತನ ಎರಡು ಪಟ್ಟಾದರೆ ತೂಗು ಎರಡು ಪಟ್ಟಾಗುವುದಿಲ್ಲ, ಸುಮಾರು 1.4 ಪಟ್ಟಾಗುತ್ತದೆ. ಲೆಕ್ಕದಲ್ಲಿ ಇದು ಸಣ್ಣದು, ಬೆನ್ನಿಗೆ ಸಣ್ಣದಲ್ಲ. ಹಳೆಯ ಕಾರಿನ ಸ್ಪ್ರಿಂಗು, ಶಾಕು, ಎತ್ತರದ ಟಯರು, ಒಳಗೆ ಸ್ಪ್ರಿಂಗಿರುವ ಸೀಟು ಎಲ್ಲವೂ ಸೇರಿ ಒಂದು ಮೇಳ. ಪದ್ಮಿನಿಯ 5.20-14 ಟಯರು ಇಂದಿನ ಕಣ್ಣಿಗೆ ಸೈಕಲ್ ಚಕ್ರದಂತೆ ತೆಳುವಾಗಿ ಕಾಣುತ್ತದೆ. ಆದರೆ ಅದರ ಎತ್ತರದ ಪಕ್ಕೆ ಕೂಡ ಗುಂಡಿಯ ಏಟಿನಲ್ಲಿ ತನ್ನ ಪಾಲು ತಿನ್ನುತ್ತದೆ. ಒಂದು ವಾದ್ಯದ ಶ್ರುತಿ ಏರಿಸಿದರೆ ಉಳಿದವುಗಳ ಜೊತೆ ಅದು ಕೂಡುವುದಿಲ್ಲ.

ಇದನ್ನು ನಾನು ಕಲಿತದ್ದು ಓದಿ ಅಲ್ಲ. ಹನ್ನೆರಡು ವರ್ಷದ ಹಿಂದೆ ಕಾರಿನ ಹಿಂಭಾಗ ಕುಸಿದಂತೆ ಕಾಣುತ್ತಿತ್ತು. ಒಂದು ಗ್ಯಾರೇಜಿನವರು "ಒಂದು ಪ್ಲೇಟು ಸೇರಿಸಿಬಿಡ್ತೀನಿ, ಜನ್ಮಕ್ಕೆ ತೊಂದರೆ ಇಲ್ಲ" ಎಂದರು. ಒಪ್ಪಿದೆ. ಐದು ಪ್ಲೇಟಿನ ಕಟ್ಟಿಗೆ ಅಂಥದೇ ಇನ್ನೊಂದು ಸೇರಿದರೆ ಗಡಸು ಸುಮಾರು ಐದರಲ್ಲಿ ಒಂದು ಪಾಲು ಏರುತ್ತದೆ. ಅವರು ಹಾಕಿದ್ದು ಬೇರೆ ಗಾಡಿಯ ದಪ್ಪ ಪ್ಲೇಟು. ಗಡಸು ಏರುವುದು ದಪ್ಪದ ಘನದ ಲೆಕ್ಕದಲ್ಲಿ, ಪ್ಲೇಟು ಕಾಲುಭಾಗ ದಪ್ಪವಾದರೆ ಆ ಪ್ಲೇಟಿನ ಗಡಸು ಹತ್ತಿರ ಹತ್ತಿರ ಎರಡು ಪಟ್ಟು. ಕಾರು ನೋಡಲು ಚೆಂದ ನಿಂತಿತು. ತುಂಬಿದ ಕಾರು ಚೆನ್ನಾಗಿಯೇ ಓಡಿತು. ಒಬ್ಬನೇ ಹೋಗುವಾಗ ಮಾತ್ರ ಪ್ರತಿ ಹಂಪಿನಲ್ಲೂ ಹಿಂದಿನ ಚಕ್ರ ನೆಲ ಬಿಟ್ಟು ಕುಣಿಯುತ್ತಿತ್ತು. ಮಳೆಯಲ್ಲಿ ತಿರುವಿಗೆ ಹಿಂಭಾಗ ಜಾರತೊಡಗಿತು. ಕೊನೆಗೆ ಈ ಸಲ ಕಾರಿನ ಕೆಳಗೆ ಟಾರ್ಚು ಹಿಡಿದು ಮಲಗಿದೆ. ಸ್ಪ್ರಿಂಗಿನ ಹಿಂತುದಿಯನ್ನು ಶ್ಯಾಕಲ್ ಹಿಡಿದುಕೊಳ್ಳುವ ಜಾಗದಲ್ಲಿ, ಬಾಡಿಯ ತಗಡಿನಲ್ಲಿ, ಕೂದಲೆಳೆಯಷ್ಟು ಬಿರುಕು. ಬೆರಳಿನಿಂದ ಒರೆಸಿದರೆ ಕಂದು ಬಣ್ಣದ ತುಕ್ಕಿನ ಪುಡಿ. ಈ ಕಾರಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಸ್ಪ್ರಿಂಗು ನುಂಗಬೇಕಿದ್ದ ಏಟನ್ನು ನಾಲ್ಕು ದಶಕದ ಹಳೆಯ ತಗಡು ನುಂಗಿತ್ತು.

ಪಕ್ಕದಲ್ಲೇ ಇದ್ದ ಶ್ಯಾಕಲ್ ಬುಷ್ಷನ್ನು ಮೇಸ್ತ್ರಿ ಬಿಚ್ಚಿ ನನ್ನ ಅಂಗೈಗೆ ಹಾಕಿದರು. ಒಣಗಿದ ಅಡಿಕೆ ಸಿಪ್ಪೆಯ ಹಾಗೆ ಬಿಗಿದು, ಉಗುರಿನಿಂದ ಒತ್ತಿದರೆ ಪುಡಿ ಉದುರುತ್ತಿತ್ತು. ಪಿನ್ನು ದುಂಡಗಿರಲಿಲ್ಲ, ಮೊಟ್ಟೆಯಾಕಾರಕ್ಕೆ ಸವೆದಿತ್ತು. ನಾನು 'ಈ ಕಾರಿನ ಸಸ್ಪೆನ್ಷನ್ನೇ ಇಷ್ಟು' ಎಂದು ಹತ್ತು ವರ್ಷ ಬೈದುಕೊಂಡದ್ದು ಈ ಬುಷ್ಷಿಗೆ, ಫಿಯೆಟ್ಟಿನ ಎಂಜಿನಿಯರಿಗೆ ಅಲ್ಲ. ಈ ಚರ್ಚೆಯಲ್ಲಿ ನಾನು ಗಟ್ಟಿಯಾಗಿ ಹಿಡಿದಿರುವ ಮಾತು ಇದೊಂದೇ. ನಮ್ಮಲ್ಲಿ ಹೆಚ್ಚಿನವರು ಹೊಸದಾಗಿದ್ದ ಪದ್ಮಿನಿಯನ್ನು ಓಡಿಸಿಯೇ ಇಲ್ಲ. ನಾವು ತೂಗಿ ನೋಡುತ್ತಿರುವುದು ಹಳೆಯ ವಿನ್ಯಾಸವನ್ನೂ ಹೊಸ ವಿನ್ಯಾಸವನ್ನೂ ಅಲ್ಲ, ಸವೆದ ಹಳತನ್ನು ಹೊಚ್ಚಹೊಸ ಭಾಗದ ಜೊತೆ. ಗೆಳೆಯರ ಅಮ್ಮನ ಸೊಂಟನೋವು ಹಗುರಾದದ್ದು ಗಡಸು ಸ್ಪ್ರಿಂಗಿನಿಂದಲೋ, ಅದರ ಜೊತೆಗೇ ಬದಲಾದ ಎಂಟು ಬುಷ್ಷು, ನಾಲ್ಕು ಶಾಕಿನಿಂದಲೋ? ಕೇಳಿದಾಗ ಅವರೂ ಸುಮ್ಮನಾದರು.

ಶಾಕ್ ಅಬ್ಸಾರ್ಬರ್ ಎಂಬ ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಏಟು ತಿನ್ನುವುದು ಸ್ಪ್ರಿಂಗು. ಶಾಕಿನ ಕೆಲಸ ಆ ಮೇಲಿನ ತೂಗಾಟವನ್ನು ಎಣ್ಣೆಯ ಶಾಖವಾಗಿ ಕಳೆಯುವುದು. ಅದು ಸೋತಾಗ ಕಾರು ಮೆತ್ತಗಾಯಿತು ಅನ್ನಿಸುತ್ತದೆ, ಮೆತ್ತಗಾದದ್ದಕ್ಕೆ ಗಡಸು ಸ್ಪ್ರಿಂಗು ಬೇಕು ಅನ್ನಿಸುತ್ತದೆ. ಹೀಗೆ ಒಂದರ ಕಾಯಿಲೆಗೆ ಇನ್ನೊಂದಕ್ಕೆ ಮದ್ದು ಮಾಡಿಸಿಕೊಂಡು ಬರುವವರೇ ಹೆಚ್ಚು.

ಇನ್ನೊಂದು ಅಪಾಯವಿದೆ. ಮೆತ್ತನೆಯ ಕಾರು ತಿರುವಿನಲ್ಲಿ ವಾಲಿ ವಾಲಿ 'ಸಾಕು' ಎಂದು ಮುಂಚೆಯೇ ಹೇಳುತ್ತದೆ. ವಾಲುವುದನ್ನು ನಿಲ್ಲಿಸಿದರೆ ಓಡಿಸುವವನಿಗೆ ಧೈರ್ಯ ಬರುತ್ತದೆ. ಆದರೆ ನಾಲ್ಕೂ ಚಕ್ರದ ಡ್ರಮ್ ಬ್ರೇಕು ಅದೇ ಹಳೆಯದು, ಸೀಟು ಬೆಲ್ಟು ಇಲ್ಲ, ಸ್ಟಿಯರಿಂಗ್ ಕಂಬ ನೇರ ಎದೆಗೆ ಗುರಿಯಿಟ್ಟಿದೆ. 65ರಲ್ಲಿ ಸಮಾಧಾನವಾಗಿದ್ದವನನ್ನು 90ಕ್ಕೆ ಕರೆದೊಯ್ಯುವ ಸಸ್ಪೆನ್ಷನ್ ಅವನನ್ನು 90ರಲ್ಲಿ ಕಾಪಾಡುವುದಿಲ್ಲ. ಇದಕ್ಕೆ ಗೆಳೆಯರ ಉತ್ತರವನ್ನೂ ಹೇಳಬೇಕು: ಅವರು ಮೊದಲು ಮಾಡಿಸಿದ್ದು ಬ್ರೇಕು, ಬೆಲ್ಟು. ಸ್ಪ್ರಿಂಗಿಗೆ ಕೈ ಹಾಕಿದ್ದು ಅದಾದ ಮೇಲೆ. ಆ ಕ್ರಮ ಸರಿಯಾದದ್ದು.

ಕಾಯಿಲ್ ಸ್ಪ್ರಿಂಗು ಕತ್ತರಿಸಿ ಕಾರು ತಗ್ಗಿಸುವುದರ ಬಗ್ಗೆ ಮಾತ್ರ ಎರಡು ಕಡೆಯ ಮಾತು ನನ್ನಲ್ಲಿಲ್ಲ. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗು ಗಡಸಾಗುತ್ತದೆ, ಕತ್ತರಿಸಿದ ತುದಿ ತನ್ನ ಸೀಟಿನಲ್ಲಿ ಸರಿಯಾಗಿ ಕೂರುವುದಿಲ್ಲ, ತೋಳುಗಳ ಕೋನ ಬದಲಾಗಿ ಟಯರು ಓರೆ ಸವೆಯುತ್ತದೆ. ರಸ್ತೆ ಹಂಪು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1988ರ ಮಾನದಂಡ ಹೇಳಿತ್ತು. ನಮ್ಮ ಬೀದಿಗಳ ಹಂಪು ಯಾವ ಮಾನದಂಡವನ್ನೂ ಓದಿಕೊಂಡು ಹುಟ್ಟಿದ್ದಲ್ಲ ಎಂಬುದು ಸೈಲೆನ್ಸರ್ ತರಚಿಸಿಕೊಂಡ ಪ್ರತಿಯೊಬ್ಬರಿಗೂ ಗೊತ್ತು.

ಬೇರೆ ದೇಶದ ಎರಡು ಕಾರುಗಳನ್ನು ನೋಡಿದರೆ ಈ ಪ್ರಶ್ನೆಗೆ ಒಂದೇ ಉತ್ತರ ಏಕಿಲ್ಲ ಎಂಬುದು ತಿಳಿಯುತ್ತದೆ. 1955ರ ಸಿಟ್ರೊಯೆನ್ ಡಿಎಸ್‌ಗೆ ಉಕ್ಕಿನ ಸ್ಪ್ರಿಂಗೇ ಇಲ್ಲ. ಗೋಳದೊಳಗಿನ ಗ್ಯಾಸು, ಪಂಪಿನಿಂದ ಬರುವ ಎಣ್ಣೆಯ ಒತ್ತಡ ಸೇರಿ ಅದನ್ನು ಎತ್ತಿ ಹಿಡಿಯುತ್ತವೆ. ದುರಸ್ತಿ ಕಷ್ಟವೆಂದು ಅದನ್ನು ತೆಗೆದು ಕಾಯಿಲ್ ಹಾಕಿದರೆ ಉಳಿಯುವುದು ಡಿಎಸ್‌ನ ಅಂಗಿ ಮಾತ್ರ. 1959ರ ಮಿನಿ ಕಾರಿನದು ಬೇರೆ ಕಥೆ. ಅಲೆಕ್ ಇಸಿಗೊನಿಸ್ ಅದಕ್ಕೆ ಅಲೆಕ್ಸ್ ಮೌಲ್ಟನ್ ರೂಪಿಸಿದ ರಬ್ಬರ್ ಕೋನುಗಳನ್ನು ಸ್ಪ್ರಿಂಗಾಗಿ ಇಟ್ಟರು. ಪುಟ್ಟ ಕಾರಿನಲ್ಲಿ ಜಾಗ ಉಳಿಯಿತು, ಆದರೆ ರಬ್ಬರು ವಯಸ್ಸಾದಂತೆ ಕುಗ್ಗಿ ಕಲ್ಲಾಗುತ್ತದೆ. ಅಲ್ಲಿ ಕಾಯಿಲ್ ಸ್ಪ್ರಿಂಗಿಗೆ ಬದಲಾಯಿಸಿಕೊಂಡವರು ಬಹಳ, ಅವರಿಗೆ ಸಿಕ್ಕ ಸುಖವೂ ನಿಜ. ಹಾಗೇ ಬಿಟ್ಟುಕೊಂಡವರು 'ಗೋ-ಕಾರ್ಟಿನ ಹಾಗೆ ತಿರುಗುವ ಆ ಗುಣ ರಬ್ಬರಿನದೇ' ಅನ್ನುತ್ತಾರೆ. ಅದೂ ನಿಜ. ನಮ್ಮ ಪದ್ಮಿನಿ ಎಲ್ಲಿ ನಿಲ್ಲುತ್ತದೆ? ಅದರ ಸಸ್ಪೆನ್ಷನ್ ಡಿಎಸ್‌ನಷ್ಟು ಅಪೂರ್ವವಲ್ಲ, ಆ ಕಾಲದ ಹತ್ತಾರು ಕಾರುಗಳಲ್ಲಿ ಅಂಥದೇ ಇತ್ತು. ಆದರೆ ಸಂಸಾರವನ್ನೂ ಸಾಮಾನನ್ನೂ ಹೊತ್ತು ಕೆಟ್ಟ ರಸ್ತೆಯಲ್ಲಿ ಗೊಣಗದೆ ಸಾಗುವ ಸ್ವಭಾವ ಅದಕ್ಕೆ ಬಂದದ್ದು ಅಲ್ಲಿಂದಲೇ.

ಕಾನೂನಿನ ಮಾತು ಚಿಕ್ಕದಾಗಿ. ಮಾರ್ಪಾಡಿನ ಬಗ್ಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ. ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ನೋಂದಣಿ ಪತ್ರದ ವಿವರ ಬೇರೆಯಾಗುವಂಥ ಮಾರ್ಪಾಡು ಸಲ್ಲದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಹೇಳಿದೆ. ಸವೆದ ಶಾಕು, ಬುಷ್ಷು ಬದಲಾಯಿಸುವುದು ದುರಸ್ತಿ, ಅದಕ್ಕೆ ಯಾರ ತಕರಾರೂ ಇರಲಾರದು. ಆಕ್ಸಲನ್ನೇ ಬೇರೆ ಹಾಕಿ, ಅದಕ್ಕಾಗಿ ಬಾಡಿ ಕತ್ತರಿಸಿ ವೆಲ್ಡ್ ಮಾಡಿದರೆ ವಿಷಯ ಬೇರೆ. 2021ರ ಜುಲೈಯಲ್ಲಿ ಬಂದ ವಿಂಟೇಜ್ ವಾಹನ ನಿಯಮವೂ ಇದೆ: 50 ವರ್ಷ ದಾಟಿದ, ಮೂಲರೂಪದಲ್ಲಿರುವ, ಚಾಸಿ, ಬಾಡಿ, ಎಂಜಿನ್ನಿಗೆ ದೊಡ್ಡ ಮಾರ್ಪಾಡು ಆಗದ ಗಾಡಿಗೆ 'ವಿಎ' ಅಕ್ಷರಗಳ ಪ್ರತ್ಯೇಕ ನಂಬರು. ನಮ್ಮ ಕಾರಿಗೆ 2029ಕ್ಕೆ 50 ತುಂಬುತ್ತದೆ. ಆದರೆ ಆ ನಂಬರು ಪಡೆದರೆ ದಿನನಿತ್ಯ ಓಡಿಸುವಂತಿಲ್ಲ. ಓಡಿಸುವುದೇ ಮುಖ್ಯ ಎನ್ನುವ ಗೆಳೆಯರಿಗೆ ಆ ಆಸೆ ಇಲ್ಲ. ನನಗಿದೆಯೇ ಎಂಬುದನ್ನು ನಾನೂ ಇನ್ನೂ ತೀರ್ಮಾನಿಸಿಲ್ಲ.

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ ಟ್ಯೂರಿನ್ ಸನ್ನದು ಎಂಬ ದಾಖಲೆಯನ್ನು ಒಪ್ಪಿಕೊಂಡಿದೆ. ಅದರಿಂದ ನಾನು ಎತ್ತಿಕೊಂಡದ್ದು ಒಂದೇ ವಿಚಾರ. ಬದಲಾವಣೆ ಅನಿವಾರ್ಯವಾದರೆ ಅದು ಕಣ್ಣಿಗೆ ಹೊಡೆಯದಿರಲಿ, ಮುಂದೆ ಯಾರಾದರೂ ಬಿಚ್ಚಿ ಹಿಂದಿನಂತೆ ಜೋಡಿಸುವಂತಿರಲಿ, ಮಾಡಿದ್ದನ್ನು ಬರೆದಿಡಿ. ಈ ಅಳತೆಗೋಲು ಹಿಡಿದರೆ ಗೆಳೆಯರಿಗೂ ನನಗೂ ಇರುವ ದೂರ ಬಹಳ ಕಡಿಮೆಯಾಗುತ್ತದೆ. ಮೂಲದ ಬೋಲ್ಟಿನ ತೂತಿಗೇ ಕೂರುವ ಗ್ಯಾಸ್ ಶಾಕು ಈ ಪರೀಕ್ಷೆಯಲ್ಲಿ ಪಾಸು. ರೇಡಿಯಲ್ ಟಯರೂ ಪಾಸು, ನಿಲ್ಲಿಸುವಾಗ ಸ್ಟಿಯರಿಂಗ್ ತುಸು ಭಾರವಾದರೂ ಮಳೆಯಲ್ಲಿ ಹಿಡಿತ ಎಷ್ಟೋ ವಾಸಿ. ಗಡಸು ಸ್ಪ್ರಿಂಗು ಕಾಗದದ ಮೇಲೆ ಪಾಸಾದರೂ ತಗಡಿನಲ್ಲಿ ಬಿಟ್ಟುಹೋಗುವ ಬಿರುಕನ್ನು ಬಿಚ್ಚಿ ತೆಗೆಯಲಾಗುವುದಿಲ್ಲ. ಹಾಗಾಗಿ ನನ್ನ ಗೆರೆ ಅಲ್ಲಿ.

ಕೊನೆಗೆ ಮೇಸ್ತ್ರಿಗೆ ಹೇಳಿದೆ: ಎಲ್ಲ ಬುಷ್ಷು, ಕಿಂಗ್‌ಪಿನ್ ಸೆಟ್ಟು ಹೊಸದು. ಬೇರೆ ಗಾಡಿಯ ಆ ದಪ್ಪ ಪ್ಲೇಟು ಆಚೆ. ಇರುವ ಪ್ಲೇಟುಗಳನ್ನು ಬಿಚ್ಚಿ, ತುಕ್ಕು ಉಜ್ಜಿ, ಬಾಗು ಎತ್ತಿಸಿ, ನಡುವೆ ಗ್ರೀಸು ಹಚ್ಚಿ ಮತ್ತೆ ಕಟ್ಟುವುದು. ಬಿರುಕಿಗೆ ಒಳಗಿನಿಂದ ತಗಡು ಕೂರಿಸಿ ವೆಲ್ಡಿಂಗ್. ಮುಂದಿನ ಕಾಯಿಲ್ ಅದೇ ಇರಲಿ. ನಾಲ್ಕು ಶಾಕು ಮಾತ್ರ ಈ ಕಾಲದ್ದು. "ಅಂದ್ರೆ ಎರಡೂ ಅಲ್ಲ, ಮಧ್ಯದ್ದು" ಎಂದರು ಅವರು. ಕೆಲಸ ಹದಿನೆಂಟು ದಿನ ಹಿಡಿಯಿತು. ಅದರಲ್ಲಿ ನಾಲ್ಕು ದಿನ ಒಂದು ತುಕ್ಕು ಹಿಡಿದ ಪಿನ್ನಿಗೇ ಹೋಯಿತು, ಡೀಸೆಲ್ಲಿನಲ್ಲಿ ನೆನೆಸಿ, ಕಾಯಿಸಿ, ಬಡಿದು, ಕೊನೆಗೆ ಕೊರೆದು ತೆಗೆದರು.

ಆಮೇಲೊಂದು ಭಾನುವಾರ ಗೆಳೆಯರೂ ನಾನೂ ಕಾರು ಅದಲುಬದಲು ಮಾಡಿಕೊಂಡು ಸಕಲೇಶಪುರದ ಕಡೆ ಹೋದೆವು. ಅವರ ಕಾರು ನುಣುಪಾದ ಹೆದ್ದಾರಿಯಲ್ಲಿ ನನ್ನದಕ್ಕಿಂತ ಸ್ಪಷ್ಟವಾಗಿ ಮೇಲು. ಬೆರಳ ತುದಿಯಲ್ಲಿ ಸ್ಟಿಯರಿಂಗ್ ಹಿಡಿದರೂ ಸಾಕು, ಲಾರಿ ಹಾದರೂ ಅಲುಗದು. ಒಪ್ಪಿಕೊಳ್ಳದೆ ಇರಲಾರೆ. ಕಾಫಿ ತೋಟದ ಒಳದಾರಿಗೆ ತಿರುಗಿದ ಮೇಲೆ ಅವರು ನನ್ನ ಕಾರಿನಲ್ಲಿ ಮುಂದೆ ಹೋದರು, ನಾನು ಅವರದರಲ್ಲಿ ಹಿಂದೆ ಬಿದ್ದೆ. ಗುಂಡಿ ತಪ್ಪಿಸುವುದೇ ನನಗೆ ಕೆಲಸವಾಯಿತು. ಮುಂದೆ ನಮ್ಮ ಪದ್ಮಿನಿ ಬೆನ್ನು ಏರಿಸಿ ಇಳಿಸಿ, ದೋಣಿಯ ಹಾಗೆ, ಒಂದೇ ಹದದಲ್ಲಿ ಸಾಗುತ್ತಿತ್ತು.

ಇಳಿದ ಮೇಲೆ ಅವರು ಬಹಳ ಹೊತ್ತು ನನ್ನ ಕಾರಿನ ಹಿಂಚಕ್ರದ ಬಳಿ ಕುಕ್ಕರಗಾಲಿನಲ್ಲಿ ಕೂತು ಪ್ಲೇಟು ನೋಡುತ್ತಿದ್ದರು. "ನನ್ನ ಹಳೆ ಸೆಟ್ಟು ಗುಜರಿಗೆ ಹಾಕಿಬಿಟ್ಟೆ ಕಣ್ರೀ" ಎಂದರು. ಇಷ್ಟು ವರ್ಷದಲ್ಲಿ ನಾನು ಅವರ ಮೇಲೆ ದನಿ ಏರಿಸಿದ್ದು ಆ ಒಂದೇ ಸಲ. ಹೊಸದು ಹಾಕಿಸಿಕೊಳ್ಳಲಿ, ಅದು ಅವರ ಹಕ್ಕು. ಹಳೆಯದನ್ನು ಕಳೆದುಕೊಂಡರೆ ಮನಸ್ಸು ಬದಲಾಯಿಸುವ ದಾರಿಯೇ ಮುಚ್ಚಿಹೋಗುತ್ತದಲ್ಲ. ಅಲ್ಲಿಂದಲೇ ಗುಜರಿ ಅಂಗಡಿಗೆ ಫೋನು ಮಾಡಿಸಿದೆ. ಎರಡು ಕಾಯಿಲ್ ಹೋಗಿಬಿಟ್ಟಿವೆಯಂತೆ. ಪ್ಲೇಟಿನ ಕಟ್ಟು ಮಾತ್ರ ಗೋಡೆಗೆ ಒರಗಿಸಿದ್ದು ಹಾಗೇ ಇದೆಯಂತೆ. ನಾಳೆ ಬೆಳಿಗ್ಗೆ ಇಬ್ಬರೂ ಹೋಗಿ ತೂಕದ ಬೆಲೆಗೆ ಬಿಡಿಸಿಕೊಂಡು ಬರಬೇಕು.